ಮಳೆಗಾಲ ಕಳೆದ ಪೆಟ್ರೋಲು

ದೋಣಿಗೆ ಮಷೀನು ಕಟ್ಟುವ ಕಾಲ ಬಂದ ಮೇಲೆ ವರ್ಷಕ್ಕೊಂದು ಸಲವಾದರೂ ಹೀಗೆ ಆಗದೆ ಇರೂದಿಲ್ಲ. ಮಳೆಗಾಲ ಪೂರ್ತಿ ದೋಣಿ ದಡದ ಮೇಲೆ. ನೂಲ ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟು ಇಳಿಸ್ತಾರೆ. ಮೂರು ತಿಂಗಳು ಮೂಲೆಯಲ್ಲಿ ಕೂತ ಪೆಟ್ರೋಲು ಅವತ್ತೇ ಮಷೀನಿನ ಹೊಟ್ಟೆಗೆ ಹೋಗ್ತದೆ. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ, ಸರಿಯಾಗಿ ಅಲೆ ಏಳುವ ಜಾಗದಲ್ಲೇ, ಮಷೀನು ನಿಲ್ತದೆ.

ಎಂಬತ್ತನೇ ಇಸವಿಯ ಆಚೀಚೆ ನಾನು ಹೊನ್ನಾವರದಲ್ಲಿ ಮಷೀನು ರಿಪೇರಿ ಅಂಗಡಿ ಇಟ್ಟೆ. ನಾಲ್ಕು ಜನ ಬೇಜಾರಾಗಿ ಮಷೀನು ಬಿಚ್ಚಿಟ್ಟು ಮತ್ತೆ ಹುಟ್ಟು ಹಿಡಿದರೆ ನನ್ನ ಅಂಗಡಿ ಬಾಗಿಲು ಮುಚ್ಚಿದ ಹಾಗೇ. ಅದಕ್ಕೆ ಹಠ ಹಿಡಿದೆ: ನಾನು ಕೈ ಹಾಕಿದ ಒಂದು ಮಷೀನೂ ದೋಣಿಯಿಂದ ಇಳೀಬಾರದು. ಹಳೇ ಪೆಟ್ರೋಲು ಕಂಡಲ್ಲಿ ಚೆಲ್ಲಿಸೂದು.

ಒಂದು: ಭಟ್ಕಳದ ಬಿಳಿ ಬಟ್ಟೆ

ಭಟ್ಕಳ ಬಂದರದಲ್ಲಿ ಒಬ್ಬರ ಮಷೀನು ಎಷ್ಟು ಹಗ್ಗ ಎಳೆದರೂ ಚಾಲೂ ಆಗಲಿಲ್ಲ. ಕಾರ್ಬುರೇಟರು ಬಿಚ್ಚಿದರೆ ಒಳಗೆ ಹಲಸಿನ ಮೇಣದ ಹಾಗೆ ಅಂಟು. ಪೆಟ್ರೋಲು ಎಲ್ಲಿಟ್ಟಿದ್ರಿ ಅಂತ ಕೇಳಿದೆ. ಭಾರೀ ಹೆಮ್ಮೆಯಿಂದ ಮನೆಗೆ ಕರೆದುಕೊಂಡು ಹೋಗಿ ತೋರಿಸಿದರು. ಡಬ್ಬಿಯ ಮುಚ್ಚಳ ತೆಗೆದು, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಇಟ್ಟಿದ್ದಾರೆ.

"ಮುಚ್ಚಳ ಎಂತಕ್ಕೆ ತೆಗೆದ್ರಿ?"

"ಗಾಳಿ ಆಡಬೇಕಲ್ಲ ಮೇಸ್ತ್ರಿ? ಇಲ್ದಿದ್ರೆ ಬೂಷ್ಟು ಬರ್ತದೆ."

"ಇದೆಂತ ಉಪ್ಪಿನಕಾಯಿಯಾ ಮಾರಾಯ್ರೆ! ಗಾಳಿ ಆಡಿದ್ರೆ ಪೆಟ್ರೋಲಿನ ಸತ್ವ ಎಲ್ಲ ಹಾರಿ ಹೋಗ್ತದೆ. ನೋಡಿ, ಅರ್ಧ ಡಬ್ಬಿಯೇ ಖಾಲಿ."

ಅವರಿಗೆ ಬೇಜಾರಾಗ್ತದೆ ಅಂದುಕೊಂಡೆ. ಮುಖ ಅರಳಿತು. ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು:

"ಕೇಳಿದ್ಯೇನೇ? ಹಾರಿ ಹೋದದ್ದಂತೆ! ನಾನು ಮಾರಿ ಕುಡಿದದ್ದಲ್ಲ!"

ಎರಡು: ಕುಮಟೆಯ ಬೆರಕೆ

ಕುಮಟೆಯಲ್ಲಿ ಇನ್ನೊಬ್ಬ. ಅವನ ಮಷೀನು ಚಾಲೂ ಆಗ್ತದೆ, ನಾಲ್ಕು ಮಾರು ಹೋಗಿ ಕೆಮ್ಮಿ ನಿಲ್ತದೆ. ಹಳೇ ಪೆಟ್ರೋಲು ಚೆಲ್ಲು ಅಂತ ಮೊದಲೇ ಹೇಳಿದ್ದೆ.

"ಚೆಲ್ಲಿದ್ಯಾ?"

"ಇಲ್ಲ. ಅರ್ಧ ಹೊಸದು ಬೆರೆಸಿದೆ. ಹೊಸದರ ಸಂಗಡ ಇದ್ರೆ ಹಳೇದೂ ಸುಧಾರಿಸ್ತದೆ."

ಅವನ ತಾಯಿ ಅಂಗಳದಲ್ಲಿ ಮೀನು ಕೊಯ್ತಾ ಇದ್ದರು. ನಾನು ಬಾಯಿ ತೆಗೆಯುವುದಕ್ಕೆ ಮುಂಚೆ ಕತ್ತಿ ನಿಲ್ಲಿಸಿದರು.

"ಹಾಗೆಲ್ಲ ಸುಧಾರಿಸೂದಿಲ್ಲ ಮೇಸ್ತ್ರಿ. ಇವ ಸುಧಾರಿಸ್ಲಿ ಅಂತ ಮದುವೆ ಮಾಡಿದೆ. ಈಗ ಸೊಸೆಯೂ ಹತ್ತು ಗಂಟೆಗೇ ಏಳೂದು."

ಅವ ಡಬ್ಬಿ ಎತ್ತಿಕೊಂಡು ಚೆಲ್ಲಲಿಕ್ಕೆ ಹೋದ.

ಮೂರು: ಹೊನ್ನಾವರದಲ್ಲಿ ನನ್ನ ಡಬ್ಬಿ

ಹೊನ್ನಾವರದಲ್ಲಿ ನನ್ನ ಸೋದರಮಾವನದೂ ಒಂದು ದೋಣಿ. ಅತ್ತೆಗೆ ಮಷೀನು ಕಂಡರಾಗದು. ಹಿಂದಿನ ವರ್ಷ ಎರಡು ಸಲ ನಿಂತಿತ್ತು. "ಮೂರನೇ ಸಲ ನಿಂತ್ರೆ ಬಿಚ್ಚಿ ನಿನ್ನ ಅಂಗಡಿಗೆ ಬಿಸಾಡ್ತೆವೆ, ನೋಡಿಕೋ" ಅಂತ ನನಗೆ ಹೇಳಿಬಿಟ್ಟಿದ್ದರು. ಸ್ವಂತ ಮಾವನೇ ಬಿಚ್ಚಿದರೆ ಇಡೀ ಕೇರಿ ಬಿಚ್ಚುತ್ತದೆ.

ಈ ಸಲ ನಾನು ಬಿಡಲಿಲ್ಲ. ಟ್ಯಾಂಕಿ ತೊಳೆದೆ. ಕಾರ್ಬುರೇಟರು ಬಿಚ್ಚಿ ಉಜ್ಜಿದೆ. ಮಾವನ ಹಳೇ ಪೆಟ್ರೋಲನ್ನು ಅವರ ಎದುರಿಗೇ ಚೆಲ್ಲಿದೆ. "ಪೆಟ್ರೋಲು ನಾನೇ ತರ್ತೇನೆ, ದೋಣಿಗೂ ನಾನೇ ಬರ್ತೇನೆ" ಅಂದೆ. ಹುಣ್ಣಿಮೆ ದಿನ ಬೆಳಿಗ್ಗೆ ನೋಡಿದರೆ ಪಂಪಿನಲ್ಲಿ ಪೆಟ್ರೋಲು ಖಾಲಿ. ಹೆದರಲಿಲ್ಲ. ಅಂಗಡಿಯಲ್ಲಿ ನನ್ನದೇ ಡಬ್ಬಿ ಇತ್ತು. ಮೇಲೆ ದೊಡ್ಡದಾಗಿ "ಹೊಸದು" ಅಂತ ಬರೆದಿತ್ತು. ಆಯಿಲ್ ಬೆರೆಸಿ ಟ್ಯಾಂಕಿಗೆ ಸುರಿದೆ, ಉಳಿದದ್ದನ್ನು ಡಬ್ಬಿ ಸಮೇತ ದೋಣಿಯಲ್ಲಿಟ್ಟೆ.

ಕಾಯಿ ಬಿಟ್ಟಾಯಿತು. ಕೇರಿ ಪೂರಾ ದಡದಲ್ಲಿ ನಿಂತಿದೆ. ಒಂದೇ ಎಳೆತಕ್ಕೆ ಮಷೀನು ಚಾಲೂ! ನಾನು ಅತ್ತೆಗೆ ಕೈ ಬೀಸಿದೆ. ಅಳಿವೆಗೆ ಬಂದೆವು. ಮೊದಲನೇ ಅಲೆ ದಾಟಿತು. ಎರಡನೇ ಅಲೆಗೆ ಕೆಮ್ಮಿತು. ಮೂರನೇ ಅಲೆಗೆ ಸುಮ್ಮನಾಯಿತು. ಹಗ್ಗ ಎಳೆದು ಎಳೆದು ನನ್ನ ಅಂಗಿಯ ತೋಳೇ ಹರಿಯಿತು.

ಮಾವ ನನ್ನ ಮೋರೆ ನೋಡಿದರು. ನಾನು ಡಬ್ಬಿಯ ಮೋರೆ ನೋಡಿದೆ.

"ಹೊಸದು ಅಂತ ಬರೆದದ್ದು ಯಾರು?"

"ನಾನೇ."

"ಯಾವಾಗ?"

"ಹೋಳಿ ಹುಣ್ಣಿಮೆಗೆ." ಬರೆದಾಗ ಅದು ಹೊಸದೇ ಆಗಿತ್ತು.

ಮಾವ ಒಂದು ಹುಟ್ಟು ನನ್ನ ಕೈಗೆ ಕೊಟ್ಟರು. ಹೊಳೆಯ ಸೆಳೆತಕ್ಕೆ ಎದುರಾಗಿ, ಅಂಗೈ ಸುಲಿಯುವ ತನಕ ಹಾಕಿ ದಡ ಮುಟ್ಟಿಸಿದೆ. ಅತ್ತೆ ಸೊಂಟಕ್ಕೆ ಕೈ ಇಟ್ಟು ನಿಂತಿದ್ದರು. ಹಿಂದೆ ಕೇರಿಯವರೆಲ್ಲ. ಮಾವ ತಲೆ ತಗ್ಗಿಸಿ ಮಷೀನಿನ ತಿರುಪು ಸಡಿಲಿಸೂಕೆ ಕೂತರು. ನನ್ನ ಅಂಗಡಿ ಅಲ್ಲೇ ಮುಗಿಯಿತು ಅಂದುಕೊಂಡೆ.

"ತೆಗೀಬೇಡಿ," ಅಂದರು ಅತ್ತೆ. "ಮಷೀನು ಇರ್ಲಿ."

ಅವರ ಕಾಲಿಗೆ ಬೀಳೂದೊಂದೇ ಬಾಕಿ.

"ಅದು ಇದ್ರಲ್ವಾ ಅಳಿಯ ದೋಣಿಗೆ ಬರೂದು? ದಿನಾ ಕರ್ಕೊಂಡು ಹೋಗಿ. ಹುಟ್ಟು ಚೆನ್ನಾಗಿ ಹಾಕ್ತಾನೆ."