ನಿಖತ್ ಕಲಿಸಿದ ಕೋಪ ನಿಗ್ರಹ

ಮೂರು ವಾರ ಕೂತು ನಿಖತ್ ತಯಾರಿಸಿದ ಪಾಠದ ಮೊದಲ ಸ್ಲೈಡಿನಲ್ಲಿ ಬೇರೆಯವರ ಹೆಸರಿತ್ತು. 'ಕೆಲಸದ ಜಾಗದಲ್ಲಿ ಕೋಪ ನಿಗ್ರಹ. ರೂಪಿಸಿದವರು: ಓಂಕಾರಪ್ಪ, ಎಚ್.ಆರ್. ಮ್ಯಾನೇಜರ್.' ಭದ್ರಾವತಿ ಬಸ್ಸಿನಲ್ಲಿ ಮೊಬೈಲ್ ತೆರೆದು ಇದನ್ನು ನೋಡಿದ್ದೇ ಅವಳ ಕಿವಿ ಕಾದ ಹೆಂಚಿನಂತಾಯಿತು.

ಎಂ.ಬಿ.ಎ. ಮುಗಿಸಿ ಶಿವಮೊಗ್ಗದಲ್ಲಿ ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿ ಕಂಪನಿಗೆ ಸೇರಿ ಮೂರು ವರ್ಷ. ಟ್ರೈನರ್ ಆಗಬೇಕೆಂದು ಬಂದವಳು ಇಷ್ಟು ದಿನ ಮಾಡಿದ್ದು ಹಾಜರಿ ತಿದ್ದುವುದು, ಹುಟ್ಟುಹಬ್ಬಗಳಿಗೆ ಕೇಕ್ ತರಿಸುವುದು, ಬೇರೆಯವರ ತರಬೇತಿಗೆ ಪಾಠ ಬರೆದು ಕೊಡುವುದು, ಕುರ್ಚಿ ಹಾಕಿಸುವುದು. "ಇವತ್ತಿಂದು ಚೆನ್ನಾಗಾದ್ರೆ ಟ್ರೈನರ್ ಪೋಸ್ಟ್ ನಿಂದೇ" ಎಂದಿದ್ದರು ಓಂಕಾರಪ್ಪ. ಹೋದ ವರ್ಷವೂ ಇದನ್ನೇ ಅಂದಿದ್ದರು.

ಪಕ್ಕದ ಸೀಟಿನಲ್ಲಿ ಅವಳ ಬೀದಿಯ ಮಹಾಂತಮ್ಮ ಕೂತಿದ್ದರು. "ಎಲ್ಲಿಗೆ ಹೊರಟೆ ಮಾರಾಯ್ತಿ?"

"ಟ್ರೈನಿಂಗ್ ಕೊಡೋಕೆ ಆಂಟಿ. ಕೋಪ ತಡ್ಕೊಳ್ಳೋದು ಹೇಗೆ ಅಂತ."

"ನೀನಾ?" ಮಹಾಂತಮ್ಮ ಅವಳ ಮುಖವನ್ನೇ ನೋಡಿದರು. "ಬೆಳಗ್ಗೆ ನೀರು ಬಿಡೋನಿಗೆ ನೀನು ಬೈದಿದ್ದು ಮೂರು ಬೀದಿಗೆ ಕೇಳಿಸ್ತು."

ನಿಖತ್ ಹಲ್ಲು ಕಚ್ಚಿ ಕಿಟಕಿ ಕಡೆ ತಿರುಗಿದಳು.

ಕಂಪನಿಯ ಭದ್ರಾವತಿ ಯೂನಿಟ್ಟಿನ ಹಾಲ್‌ನಲ್ಲಿ ಮೊದಲ ಪಾಳಿಯ ನಲವತ್ತು ಕೆಲಸಗಾರರು ಕಾದಿದ್ದರು. ಹಿಂದಿನ ಸಾಲಿನಲ್ಲಿ, ತರಬೇತಿ ಹೇಗಿದೆ ಎಂದು ಅಳೆಯಲು ಬಂದ ಹೆಡ್ ಆಫೀಸಿನ ವಿದ್ಯಾಶ್ರೀ ಮೇಡಂ. ಓಂಕಾರಪ್ಪ "ಎರಡೇ ಮಾತು" ಎಂದು ಮೈಕ್ ಹಿಡಿದು ನಲವತ್ತು ನಿಮಿಷ ಮಾತಾಡಿದರು. ಕೊನೆಗೆ ಮೈಕ್ ನಿಖತ್ ಕೈಗೆ ಬಂತು.

"ಕೋಪ ಬಂದಾಗ ಹತ್ತರವರೆಗೆ ಎಣಿಸಬೇಕು" ಎಂದು ಶುರು ಮಾಡಿದಳು.

ಫರ್ನೇಸ್ ವಿಭಾಗದ ಧರ್ಮೇಂದ್ರ ಎದ್ದು ನಿಂತ. "ಮೇಡಂ, ನಾವು ಹತ್ತು ಎಣಿಸೋ ಹೊತ್ತಿಗೆ ಕಬ್ಬಿಣ ಗಟ್ಟಿಯಾಗಿರುತ್ತೆ."

ಹಾಲ್ ನಕ್ಕಿತು. ಓಂಕಾರಪ್ಪ ಮಧ್ಯೆ ಬಾಯಿ ಹಾಕಿದರು. "ನಾನು ಐದು ಅಂತಲೇ ಬರೆದಿದ್ದೆ. ಇವಳು ಟೈಪ್ ಮಾಡೋವಾಗ ತಪ್ಪು ಮಾಡಿದ್ದಾಳೆ."

"ಟೈಪಾ?" ನಿಖತ್ ಮೈಕ್ ಕೆಳಗಿಟ್ಟಳು. ಮೈಕ್ ಇಲ್ಲದೆಯೂ ಅವಳ ದನಿ ಗೇಟಿನವರೆಗೆ ಹೋಯಿತು. "ಇದರಲ್ಲಿ ಒಂದಕ್ಷರವೂ ನಿಮ್ಮದಲ್ಲ ಸಾರ್. ಮೂರು ವರ್ಷದಿಂದ ನಾನು ಬರೀತೀನಿ, ನೀವು ಹೆಸರು ಹಾಕ್ಕೊಳ್ತೀರಿ. ಅದರ ಮೇಲೆ ನನ್ನಿಂದಲೇ ಕುರ್ಚಿ ಹಾಕಿಸ್ತೀರಿ. ಸಾಕು. ನನಗೆ ಈ ಕೆಲಸ ಬೇಡ."

ಕೊರಳಿನ ಐಡಿ ಕಾರ್ಡ್ ಕಿತ್ತು ಮೇಜಿನ ಮೇಲೆ ಎಸೆದಳು. ಬಿಳಿ ಹಾಳೆ ಎಳೆದುಕೊಂಡು ನಿಂತಲ್ಲೇ ರಾಜೀನಾಮೆ ಬರೆದು ಓಂಕಾರಪ್ಪನವರ ಕೈಗೆ ತುರುಕಿದಳು.

ಧರ್ಮೇಂದ್ರ ಚಪ್ಪಾಳೆ ಹೊಡೆದ. ಹಿಂದೆಯೇ ಎಲ್ಲರೂ ಹೊಡೆದರು.

ವಿದ್ಯಾಶ್ರೀ ಎದ್ದು ಮುಂದೆ ಬಂದರು. "ಕೋಪ ಹೇಗೆ ಏರುತ್ತೆ, ಅದರಿಂದ ಏನೇನು ಕಳ್ಕೊಳ್ತೀವಿ ಅಂತ ಆಕ್ಟ್ ಮಾಡಿಯೇ ತೋರಿಸಿದ್ರಿ. ಇಂಥ ಟ್ರೈನಿಂಗ್ ನಾನು ಎಲ್ಲೂ ನೋಡಿಲ್ಲ. ಯಾರ ಐಡಿಯಾ ಇದು?"

ಓಂಕಾರಪ್ಪ ಒಂದೇ ಸಲ ಕಣ್ಣು ಮಿಟುಕಿಸಿದರು. "ನನ್ನದೇ ಮೇಡಂ."

"ಆಕ್ಟಿಂಗ್ ಅಲ್ಲ ಮೇಡಂ" ಅಂದಳು ನಿಖತ್. "ನನಗೆ ನಿಜವಾಗ್ಲೂ ಕೋಪ ಬಂದಿದೆ. ನಿಜವಾಗ್ಲೂ ಕೆಲಸ ಬಿಡ್ತಿದೀನಿ."

"ನೋಡಿ, ಇನ್ನೂ ಪಾತ್ರದಿಂದ ಹೊರಗೆ ಬಂದಿಲ್ಲ" ಎಂದರು ವಿದ್ಯಾಶ್ರೀ. ಜನ ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು.

ನಿಖತ್ ಕ್ಯಾಂಟೀನಿಗೆ ಹೋಗಿ ಎರಡು ಲೋಟ ನೀರು ಕುಡಿದು, ಬ್ಯಾಗ್ ಹೆಗಲಿಗೇರಿಸಿದಳು. ಅಷ್ಟರಲ್ಲಿ ಧರ್ಮೇಂದ್ರ ಓಡಿ ಬಂದ.

"ಎರಡನೇ ಪಾಳಿಯವರು ಬಂದು ಕೂತಿದ್ದಾರೆ ಮೇಡಂ. ಅವರ ಮುಂದೇನೂ ನೀವು ಹಾಗೇ ಬೈಬೇಕಂತೆ. ಇದನ್ನ ಎಲ್ಲರಿಗೂ ಹಂಚಿದ್ದಾರೆ."

ಅವನು ಕೊಟ್ಟ ಜೆರಾಕ್ಸ್ ಇನ್ನೂ ಬೆಚ್ಚಗಿತ್ತು. ಅದು ಅವಳದೇ ರಾಜೀನಾಮೆ. ಕೆಳಗೆ ಒಂದು ಸಾಲು ಸೇರಿತ್ತು: 'ಈ ಪತ್ರ ಬರೆದವರು ಮಾಡಿದ ಮೂರು ತಪ್ಪುಗಳನ್ನು ಗುರುತಿಸಿ.'

"ಆಗಿಂದ ಹುಡುಕ್ತಿದೀನಿ ಮೇಡಂ" ಅಂದ ಧರ್ಮೇಂದ್ರ. "ನನಗಂತೂ ಒಂದೂ ಸಿಗ್ಲಿಲ್ಲ."