ನೂರು ವರ್ಷಕ್ಕೊಮ್ಮೆ ಬರುವವರು ನಾಲ್ಕನೇ ಸಲ ಬಂದುದರ ಬಗ್ಗೆ

ಶ್ರೀಮಾನ್ ನೂರು ವರ್ಷಕ್ಕೊಮ್ಮೆಯ ಬಿರುಗಾಳಿಯವರ ಸನ್ನಿಧಾನಕ್ಕೆ, ಬಂದರಿನ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ಸಲದಿಂದ ಸಲಕ್ಕೆ ಮೈತುಂಬಿಕೊಂಡು ಬರುತ್ತಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಬೆಳಿಗ್ಗೆ ದೀಪ ಹಚ್ಚಿ ಕೈಮುಗಿಯುವಾಗ ದೇವರ ಕಿವಿಯಲ್ಲಿ ತಮ್ಮ ಚಾಡಿ ಹೇಳುವುದು ಭಕ್ತಿಗೆ ಶೋಭೆಯಲ್ಲವೆಂದು ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ಹನ್ನೊಂದು ವರ್ಷದ ಹಿಂದೆ ತಾವು ಮೊದಲ ಸಲ ನಮ್ಮ ಅಂಗಡಿಗೆ ಬಂದು ಮೊಣಕಾಲುದ್ದ ನೀರು ಬಿಟ್ಟು ಹೋದಾಗ, ಇಂಥದು ನೂರು ವರ್ಷಕ್ಕೊಮ್ಮೆ ಮಾತ್ರ ಎಂದು ಹವಾಮಾನ ಕಚೇರಿಯವರು ಗೋಡೆಗೆ ಕಾಗದ ಅಂಟಿಸಿದರು. ನಾನು ಹಳ್ಳಿಶಾಲೆಯಲ್ಲಿ ಏಳನೆಯವರೆಗೆ ಓದಿದವಳು, ನೂರೆಂದರೆ ಎಷ್ಟೆಂದು ಬಲ್ಲೆ. ಇನ್ನು ತೊಂಬತ್ತೊಂಬತ್ತು ವರ್ಷ ನಿಶ್ಚಿಂತೆಯೆಂದು ನಮ್ಮ ಯಜಮಾನರು, ಗಾಳಿ ಬಂದಾಗ ಬಾಗಿಲಿಗೆ ಅಡ್ಡ ಹೊಡೆಯಲು ಇಟ್ಟಿದ್ದ ಹಲಗೆಗಳನ್ನೆಲ್ಲ ಜೋಡಿಸಿ ನನಗೆ ಬಟ್ಟೆ ಕತ್ತರಿಸುವ ಮೇಜು ಮಾಡಿಕೊಟ್ಟರು. ನಾಲ್ಕನೇ ವರ್ಷಕ್ಕೇ ತಾವು ಮತ್ತೆ ದಯಮಾಡಿಸಿದಿರಿ. ಅಡ್ಡ ಹೊಡೆಯಲು ಹಲಗೆಯಿರಲಿಲ್ಲ. ಮೇಜು ಮಾತ್ರ, ಅರ್ಧ ಕತ್ತರಿಸಿದ ಶಾಲೆಯ ಸಮವಸ್ತ್ರಗಳ ಸಮೇತ, ದೋಣಿಯಂತೆ ಠೀವಿಯಿಂದ ಬೀದಿಗೆ ಹೊರಟಿತು.

ಆಮೇಲೂ ಎರಡು ಸಲ ಬಂದಿರಿ. ಇಷ್ಟು ಅಕ್ಕರೆಯಿಂದ ನನ್ನ ತವರಿನವರೂ ಬಂದದ್ದಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಂಚ ಹಿಡಿದಿರುವ ನಮ್ಮ ಅತ್ತೆಯವರಿಗೆ ನೂರು ವರ್ಷವೆಂಬ ತಮ್ಮ ವಯಸ್ಸಿನ ಬಗ್ಗೆಯೇ ಅನುಮಾನ: "ನನಗೇ ಎಂಬತ್ತಾರು. ಅವನ್ಯಾವನು ನೂರು ವರ್ಷದವನು? ನಾನು ಅವನನ್ನ ಕಂಡಿದ್ದೇ ಮೊನ್ನೆ ಮೊನ್ನೆ." ಪ್ರತಿ ಸಲ ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲೇರಿಸುವುದು ನಾನು ಮತ್ತು ಯಜಮಾನರು. ಹೋದ ಸಲ ಕುರ್ಚಿ ತರುವಷ್ಟರಲ್ಲಿ ಅವರ ಹಾಸಿಗೆ ನೆನೆದಿತ್ತು.

ಪ್ಯಾಂಟು ಗಿಡ್ಡ ಮಾಡಿಸಲು ಬಂದ ಹವಾಮಾನ ಕಚೇರಿಯ ಗುಮಾಸ್ತರನ್ನು ಹಿಡಿದು ಕೇಳಿದೆ; ಕಾಲ ಬಳಿ ಪಿನ್ನು ಚುಚ್ಚಿದ್ದರಿಂದ ಪಾಪ ಅವರು ಓಡುವಂತಿರಲಿಲ್ಲ. ನೂರಕ್ಕೊಂದು ಎನ್ನುವುದು ಹಳೆಯ ದಾಖಲೆ ನೋಡಿ ಹಾಕಿದ ಅಂದಾಜು, ಗಡುವಲ್ಲ, ಈಗ ಕಡಲು ಬೆಚ್ಚಗಾಗಿದೆ, ನೀರಿನ ಮಟ್ಟವೂ ಏರಿದೆ ಎಂದೆಲ್ಲ ವಿವರಿಸಿ ಕೊನೆಗೆ, "ಅಕ್ಕಾ, ಹಳೇ ಅಳತೆ ಈಗ ಹಿಡಿಸ್ತಿಲ್ಲ" ಎಂದರು. ಇಷ್ಟೇ ಮಾತನ್ನು ಗೋಡೆಯ ಮೇಲೆ ಅಂಟಿಸಿದ್ದರೆ ನನಗೆ ಅಂದೇ ಅರ್ಥವಾಗುತ್ತಿತ್ತು.

ಅಳತೆಯೆಂದ ಮೇಲೆ ನೆನಪಾಯಿತು. ನಮ್ಮ ಬಾಗಿಲಿನ ಚೌಕಟ್ಟಿನ ಎಡಗಡೆ ಮಗಳ ಎತ್ತರವನ್ನು ವರ್ಷ ವರ್ಷವೂ ಮೊಳೆಯಿಂದ ಗೀಚಿಟ್ಟಿದ್ದೇನೆ, ಬಲಗಡೆ ತಮ್ಮದನ್ನು. ಮಗಳು ಹದಿನೇಳಕ್ಕೆ ಬೆಳೆಯುವುದು ನಿಲ್ಲಿಸಿದಳು. ತಾವು ಮೊಣಕಾಲಿನಿಂದ ತೊಡೆಗೆ, ಅಲ್ಲಿಂದ ಸೊಂಟಕ್ಕೆ, ಹೋದ ವರ್ಷ ನನ್ನ ಎದೆಗೆ ಬಂದಿರಿ. ದೃಷ್ಟಿಯಾಗದಿರಲಿ.

"ಇನ್ನೊಂದು ಗೀಟು ಬಿದ್ದರೆ ಅಜ್ಜಿ ಉಳಿಯಲ್ಲಮ್ಮ" ಎಂದು ಮಗಳು ಹೇಳಿದಳು. ಇಪ್ಪತ್ತಾರು ವರ್ಷದ ಅಂಗಡಿಗೆ ಬಾಗಿಲು ಹಾಕಿ ಈ ವಾರ ಇದೇ ಕಟ್ಟಡದ ಮೂರನೇ ಮಹಡಿಗೆ ಹೋಗುತ್ತಿದ್ದೇವೆ. ಕಿಟಕಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಡುತ್ತೇನೆ. ಬಟ್ಟೆ ಹೇಗೋ ಮೇಲೆ ಬಂದೀತು, ಅಳತೆ ಕೊಡುವವರು ಬುಟ್ಟಿಯಲ್ಲಿ ಕೂರುತ್ತಾರೆಯೇ?

ನಾಲ್ಕು ಸಲ ಬಂದ ಲೆಕ್ಕದಲ್ಲಿ ತಮ್ಮ ನಾನೂರು ವರ್ಷದ ಹಾಜರಿ ಮುಗಿದಿದೆ. ಆದ್ದರಿಂದ ಮುಂದಿನ ಮುನ್ನೂರ ಎಂಬತ್ತೊಂಬತ್ತು ವರ್ಷ ತಾವು ರಜೆಯ ಮೇಲೆ ತೆರಳಿ ಆರೋಗ್ಯ ನೋಡಿಕೊಳ್ಳಬೇಕೆಂದು ಸವಿನಯ ಪ್ರಾರ್ಥನೆ.

ಸಾಮಾನು ಕಟ್ಟುವ ನಡುವೆ ಬರೆದ,
ತಮ್ಮ ವಿಶ್ವಾಸಿ,
ನಾಲ್ಕೂ ಸಲ ಬಾಗಿಲು ತೆರೆದವಳು

ಮರೆತಿದ್ದೆ: ಯಜಮಾನರು ಆ ಚೌಕಟ್ಟನ್ನು ಕಿತ್ತು ಮೇಲಕ್ಕೆ ತರುತ್ತಿದ್ದಾರೆ. ಮೊಮ್ಮಗಳು ಮೊನ್ನೆ ತಾನೇ ನಿಲ್ಲಲು ಕಲಿತಳು. ಎಡಗಡೆ ಅವಳಮ್ಮನ ಗೀಟುಗಳೇ ತುಂಬಿರುವುದರಿಂದ ಬಲಗಡೆ ನಿಲ್ಲಿಸಿ ಗೀಚಿದೆ. ತಮ್ಮ ಎರಡನೇ ಗೀಟಿನ ಸಮಕ್ಕೆ ಬಂದಳು. ಇನ್ನು ಮುಂದೆ ಆ ಬದಿಯನ್ನು ಅವಳಿಗೆ ಬಿಟ್ಟುಕೊಡಬೇಕು. ಬೆಳೆಯುವ ವಯಸ್ಸು ಅವಳದು, ನೂರು ವರ್ಷದವರದಲ್ಲ.