ಎಲ್ಲರಿಗೂ ನಾಳೆ ರಜೆ

ಒಂದು ಸುಳ್ಳು ಮೇಲ್ ಕಳಿಸಿ ಐದು ದೇಶದವರಿಗೆ ಬುದ್ಧಿ ಕಲಿಸೋಣವೆಂದು ಖುದ್ದೂಸ್ ಸಾಹೇಬರು ಹೊರಟಿದ್ದೇ ತಪ್ಪಾಯಿತು.

ಹೆಬ್ಬಾಳದ ಒಂದು ನೀರಿನ ಪಂಪ್ ಕಂಪನಿಯಲ್ಲಿ ಅವರು ತರಬೇತಿ ವಿಭಾಗದ ಮುಖ್ಯಸ್ಥರು. ಭಾರತ, ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ, ವಿಯೆಟ್ನಾಂ ಇಷ್ಟೂ ಕಡೆಯ ನೌಕರರು ಏನು ಕಲಿಯಬೇಕು, ಯಾವಾಗ ಕಲಿಯಬೇಕು ಎಂದು ಗೊತ್ತುಮಾಡುವವರು ಅವರೇ. ಕಲಿತರೋ ಇಲ್ಲವೋ ಎಂಬುದು ಮಾತ್ರ ಆ ಅಲ್ಲಾಹನಿಗೇ ಗೊತ್ತು. 'ಮೋಸದ ಮೇಲ್ ಗುರುತಿಸುವುದು ಹೇಗೆ' ಎಂಬ ಪಾಠವನ್ನು ಹಿಂದಿನ ವಾರವಷ್ಟೇ ಆನ್‌ಲೈನಿನಲ್ಲಿ ಮಾಡಿದ್ದರು. ಅರ್ಧ ಜನ ಕ್ಯಾಮೆರಾ ಮುಚ್ಚಿಕೊಂಡು ಮಲಗಿದ್ದರು. ಉಳಿದವರು ತೆರೆದಿಟ್ಟುಕೊಂಡೇ ತೂಕಡಿಸಿದ್ದರು.

ಅದಕ್ಕೇ ಈ ಪರೀಕ್ಷೆ. "ಸಂಸ್ಥಾಪಕರ ಹುಟ್ಟುಹಬ್ಬದ ಪ್ರಯುಕ್ತ ನಾಳೆ ಎಲ್ಲ ದೇಶಗಳಲ್ಲೂ ಸಂಬಳಸಹಿತ ರಜೆ. ಒಪ್ಪಿಗೆಗೆ ಇಲ್ಲಿ ಒತ್ತಿ." ಒತ್ತಿದವರಿಗೆ 'ನೀವು ಮೋಸಹೋದಿರಿ' ಎಂದು ಕೆಂಪಕ್ಷರ ಕಾಣಬೇಕಿತ್ತು. ಕಂಪ್ಯೂಟರ್ ವಿಭಾಗದ ಮಣಿಕಂಠ ಏನು ತಿರುಚಿದನೋ, 'ಧನ್ಯವಾದ, ರಜೆಯನ್ನು ಸುಖವಾಗಿ ಕಳೆಯಿರಿ' ಎಂದು ಹಸಿರಕ್ಷರ ಕಂಡಿತು.

ಇದೊಂದೂ ತಿಳಿಯದೆ ಖುದ್ದೂಸರು ಟೀ ಕುಡಿಯಲು ಕೆಳಗಿಳಿದರೆ, ಗೇಟಿನ ಕಾವಲುಗಾರ ಮುನಿವೆಂಕಟಯ್ಯ ಎದ್ದು ಸಲ್ಯೂಟ್ ಹೊಡೆದ.

"ನಿಮ್ಮಿಂದ ಒಳ್ಳೇದಾಯ್ತು ಬುಡಿ ಸಾ. ನಾಳೆ ರಜಾ ಅಂತ ಅಳೀನ ಊಟಕ್ ಕರ್ದಿವ್ನಿ."

"ಯಾವ ರಜಾನಯ್ಯಾ?"

"ಅದೇ ಸಾ, ಎಲ್ರೂ ಒತ್ತುದ್ರಂತಲ್ಲ!"

ಖುದ್ದೂಸರು ಟೀ ಮರೆತು, ಲಿಫ್ಟನ್ನೂ ಮರೆತು, ಮೆಟ್ಟಿಲೇರಿ ಓಡಿದರು. ಮೇಲೆ ಸಹಾಯಕಿ ಸರಳಾ ದೆವ್ವ ಕಂಡವಳಂತೆ ಫೋನು ಹಿಡಿದು ನಿಂತಿದ್ದಳು.

"ಸಾರ್, ಕೊಲಂಬೊದವ್ರು ಬೀಚಿಗೆ ಹೋಗೋಕೆ ಬಸ್ ಬುಕ್ ಮಾಡಿದಾರೆ. ಢಾಕಾದಲ್ಲಿ ಫ್ಯಾಕ್ಟರಿಗೆ ಬೀಗ ಹಾಕ್ತಿದಾರಂತೆ. ಹನೋಯ್‌ನವ್ರು ಸಂಸ್ಥಾಪಕರ ಫೋಟೋಗೆ ಹಾರ ಹಾಕಿ ಕಳ್ಸಿದಾರೆ."

"ಅಯ್ಯಯ್ಯೋ, ಬದುಕಿರೋರಿಗೆ ಹಾರಾನಾ! ಬೇಗ ಇನ್ನೊಂದು ಮೇಲ್ ಹಾಕ್ಬೇಕು ಕಣಮ್ಮಾ."

"ಹಿಂದಿನ ಮೇಲ್ ಸುಳ್ಳು. ನಾಳೆ ರಜೆ ಇಲ್ಲ. ಕೂಡಲೇ ಗಮನಿಸಿ" ಎಂದು ಬರೆದು ಕಳಿಸಿದ್ದೇ ತಡ, ಪಾಠದಲ್ಲಿ ಮಲಗಿದ್ದವರೆಲ್ಲ ಒಟ್ಟಿಗೆ ಎಚ್ಚೆತ್ತರು. ಅವಸರಪಡಿಸುವ ಮೇಲನ್ನು ನಂಬಬಾರದೆಂದು ಸಾಹೇಬರೇ ಹೇಳಿಕೊಟ್ಟಿರಲಿಲ್ಲವೆ? ರಜೆ ಕೊಟ್ಟ ಮೇಲ್ ನಿಜ, ರಜೆ ಕಿತ್ತುಕೊಂಡ ಮೇಲ್ ಮೋಸ! ಐದೂ ದೇಶದವರು 'ಇದು ಮೋಸ' ಎಂಬ ಗುಂಡಿಯನ್ನು ಒತ್ತಿದ್ದೇ ಒತ್ತಿದ್ದು. ದೂರಿನ ಮೇಲೆ ದೂರು ಬಿದ್ದು ಖುದ್ದೂಸರ ಅಕೌಂಟಿಗೆ ಕಂಪ್ಯೂಟರ್ ತಾನಾಗಿಯೇ ಬೀಗ ಜಡಿಯಿತು.

ಕೊನೆಗೆ ಕಠ್ಮಂಡುವಿನ ಮ್ಯಾನೇಜರಿಗೆ ಫೋನು ಮಾಡಿ ಹಿಂದಿಯಲ್ಲಿ ಅಂಗಲಾಚಿದರು. ಆತ ನಕ್ಕುಬಿಟ್ಟ. "ಖುದ್ದೂಸ್ ಸಾಹೇಬರ ದನಿ ಚೆನ್ನಾಗಿ ಅನುಕರಿಸ್ತೀಯಪ್ಪಾ! ಇಂಥ ಕಳ್ಳ ಫೋನ್ ಬರುತ್ತೆ ಅಂತಲೂ ಅವರೇ ಹೇಳಿಕೊಟ್ಟಿದಾರೆ" ಎಂದು ಫೋನು ಕುಕ್ಕಿದ.

ಅಷ್ಟರಲ್ಲಿ ಪ್ರಾದೇಶಿಕ ಮುಖ್ಯಸ್ಥರಾದ ಶಿವಶರಣಪ್ಪನವರಿಂದ, ತಮ್ಮ ಕೋಣೆಗೆ ಬರಬೇಕೆಂದು ಕರೆ ಬಂತು. ಕಲಬುರಗಿ ಕಡೆಯ ದನಿ, ಬಾಗಿಲು ಮುಚ್ಚಿದರೂ ಕೇಳುವಂಥದ್ದು.

"ಏನ್ರೀ ಸಾಹೇಬ್ರ, ಐದೂ ದೇಶ ಒಮ್ಮೆಗೇ ಮಲಗಿಸಿಬಿಟ್ರಲ್ರೀ! ಡೈರೆಕ್ಟರ್ ಮಂದಿ ಮೀಟಿಂಗಿಗಿ ಕುಂತಾರ. ನಿಮ್ಮ ಹಣೇಬರಹ ಸಂಜೀಕ ಗೊತ್ತಾಗ್ತದ, ಹೋಗ್ರಿ!"

ಖುದ್ದೂಸರು ಗಾಣಕ್ಕೆ ಸಿಕ್ಕಿದ ಕಬ್ಬಿನಂತಾಗಿ ಬಂದು ಕುಳಿತರು. ಸಂಜೆಗೆ ಅಕೌಂಟೇನೋ ತೆರೆಯಿತು. ಮೊದಲ ಮೇಲೇ ಶಿವಶರಣಪ್ಪನವರ ಹೆಸರಿನಲ್ಲಿತ್ತು. "ಅಭಿನಂದನೆ. ನಾಳಿನ ರಜೆಯನ್ನು ಡೈರೆಕ್ಟರರು ಒಪ್ಪಿದ್ದಾರೆ. ನಿಮ್ಮನ್ನು ಇಡೀ ಏಷ್ಯಾದ ತರಬೇತಿಗೆ ಮುಖ್ಯಸ್ಥರನ್ನಾಗಿ ಆರಿಸಿದ್ದಾರೆ. ಮೀಟಿಂಗ್ ಮುಗಿಯುವುದರೊಳಗೆ ಇಲ್ಲಿ ಒತ್ತಿ."

ಖುದ್ದೂಸರು ಮೊದಲು ಹಿಗ್ಗಿದರು. ಆಮೇಲೆ ಗಟ್ಟಿಯಾಗಿ ನಕ್ಕರು.

"ಇಲ್ಲಿ ನೋಡಮ್ಮಾ ಸರಳಾ, ಮಣಿಕಂಠ ನನಗೇ ಪರೀಕ್ಷೆ ಇಟ್ಟಿದಾನೆ! ಆಸೆ ತೋರ್ಸಿದಾನೆ, ಅವಸರ ಮಾಡಿದಾನೆ, ಒತ್ತು ಅಂದಿದಾನೆ. ಮೂರೂ ಲಕ್ಷಣ ಹಂಗಂಗೇ ಇದೆ."

"ಹೌದು ಸಾರ್, ಪಾಠದಲ್ಲಿದ್ದ ಹಾಗೇ ಇದೆ."

ಖುದ್ದೂಸರು ಜಂಬದಿಂದ 'ಇದು ಮೋಸ' ಗುಂಡಿ ಒತ್ತಿದರು. ತರಬೇತಿ ಮುಖ್ಯಸ್ಥರ ದೂರೆಂದರೆ ಕಂಪ್ಯೂಟರಿಗೆ ವೇದವಾಕ್ಯ.

ಸ್ವಲ್ಪ ಹೊತ್ತಿಗೆ ಬಾಗಿಲು ಧಡಾರನೆ ತೆರೆಯಿತು. ಶಿವಶರಣಪ್ಪನವರ ಮುಖ ಬ್ಯಾಡಗಿ ಮೆಣಸಿನಕಾಯಿಯಾಗಿತ್ತು.

"ಡೈರೆಕ್ಟರ್ ಮಂದಿ ಮುಂದ ಆನ್‌ಲೈನಿನಾಗ ಮಾತಾಡಕತ್ತಿದ್ದೆ, ನನ್ನ ಅಕೌಂಟ ಬಂದ್ ಮಾಡಿಸಿದ್ರಲ್ರೀ! ಅದು ನಾನೇ ಬರದ ಮೇಲ್ ಇತ್ತು, ಖರೇ ಮೇಲ್! ನಿಮ್ಮ ಎರಡನೇ ಮೇಲನ್ನ ಒಬ್ರೂ ನಂಬಲಿಲ್ಲ, ಇಷ್ಟು ಮಂದಿಗಿ ಪಾಠ ತಲೀಗಿ ಹತ್ತಿದ್ದು ಇದೇ ಮೊದಲು ಅಂತ ಹೇಳಿ, ಬಡಿದಾಡಿ ಹುದ್ದೆ ಕೊಡಿಸಿದ್ದೆ. ನೀವು ಒಲ್ಲೆ ಅಂದ್ರಿ ಅಂತ ಅವರು ಎರಡನೇ ಹೆಸರಿಗಿ ಹೋಗಿಬಿಟ್ರು."

ಖುದ್ದೂಸರು ಕುರ್ಚಿಯಿಂದ ಎದ್ದರು. "ಎರಡನೇ ಹೆಸರು... ಯಾರು ಸಾರ್?"

ಪಕ್ಕದಲ್ಲಿದ್ದ ಸರಳಾಳ ಕಂಪ್ಯೂಟರ್ 'ಟಿಂಗ್' ಎಂದಿತು. ಸರಳಾ ಬಾಗಿ ಓದಿದಳು. ಡೈರೆಕ್ಟರರಿಂದ ಅದೇ ಅಭಿನಂದನೆ, ಅದೇ 'ಇಲ್ಲಿ ಒತ್ತಿ'. ಬೆರಳನ್ನು ಅದರ ಮೇಲಿಟ್ಟೇ ಖುದ್ದೂಸರ ಕಡೆ ತಿರುಗಿದಳು. ಒಳ್ಳೆಯ ಶಿಷ್ಯೆ, ಗುರುಗಳನ್ನು ಕೇಳದೆ ಏನನ್ನೂ ಒತ್ತಿದವಳಲ್ಲ.

"ಸಾರ್, ಇದು ನಿಜಾನಾ, ಮೋಸಾನಾ? ಒತ್ಲಾ?"

ಶಿವಶರಣಪ್ಪನವರು ಸೊಂಟಕ್ಕೆ ಕೈಯಿಟ್ಟು ಖುದ್ದೂಸರನ್ನೇ ನೋಡುತ್ತಿದ್ದರು.

"ಒತ್ತಮ್ಮಾ" ಎಂದರು ಖುದ್ದೂಸರು, "ಒತ್ತು."